ಮದರ್ ಕಾವಿಗೆ ಕೂತ ಇಪ್ಪತ್ತೆರಡನೇ ದಿನ

ನಾಲ್ಕೂವರೆಗೆ ಅಲಾರಂ ಹೊಡೆಯುವ ಮೊದಲೇ ಎದ್ದು, ಅದು ಹೊಡೆದು ಮನೆಯವರ ನಿದ್ದೆ ಕೆಡಿಸಬಾರದೆಂದು ಅದನ್ನು ಆರಿಸುವವಳು ನಾನು. ಹಾಗಾದರೆ ಅಲಾರಂ ಇಡುವುದಾದರೂ ಏಕೆ ಎಂದು ನೀವು ಕೇಳಬಹುದು. ನನ್ನ ಮಗಳು ಸಿಂಚನಾ ಕೂಡ ಕೇಳಿದ್ದಾಳೆ. ಉತ್ತರ ಇನ್ನೂ ಸಿಕ್ಕಿಲ್ಲ. ಆ ಮಂಗಳವಾರವೂ ಹಾಗೆಯೇ ಎದ್ದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ, ಡಿಕಾಕ್ಷನ್ ಇಳಿಯಲು ಇಟ್ಟೆ, ಮಾವಿನಕಾಯಿ ತುರಿದು ಚಿತ್ರಾನ್ನ ಕಲೆಸಿ ಎರಡು ಬಾಕ್ಸಿಗೆ ತುಂಬಿದೆ. ಒಂದು ಬಾಕ್ಸು ಪಾಂಡವಪುರ ಸ್ಟೇಷನ್ನಿನಿಂದ ರೈಲು ಹತ್ತಿ ಮೈಸೂರಿನ ಕಾಲೇಜಿಗೆ ಹೋಗುವ ಸಿಂಚನಾಳದು. ಇನ್ನೊಂದು ಸ್ಕೂಟರಿನಲ್ಲಿ ಕೆ.ಆರ್.ಎಸ್.ಗೆ ಹೋಗಿ ನೀರಾವರಿ ಇಲಾಖೆಯ ಕಡತಗಳನ್ನು ನೋಡಿಕೊಳ್ಳುವ ನಮ್ಮ ಯಜಮಾನರದು. ಮಗಳು ಒಂದು ವರ್ಷದಿಂದಲೂ, "ಅಮ್ಮಾ, ಬಾಕ್ಸ್ ಬೇಡ, ಎಲ್ಲರೂ ಕ್ಯಾಂಟೀನಲ್ಲೇ ತಿಂತೀವಿ" ಎನ್ನುತ್ತಿದ್ದಾಳೆ. ಯಜಮಾನರು ಬಾಯಿಬಿಟ್ಟು ಬೇಡ ಎಂದಿಲ್ಲ. ಆದರೆ ಅವರ ಅಂಗಿಯ ಜೇಬಿನ ಮೇಲೆ ಆಗಾಗ ಕಾಣುವ ಕೆಂಪು ಚಟ್ನಿಯ ಕಲೆ ನಮ್ಮ ಮನೆಯ ಚಟ್ನಿಯದಲ್ಲ, ಅಣೆಕಟ್ಟಿನ ಹತ್ತಿರದ ಹೋಟೆಲಿನದು. ಅದನ್ನು ಒಗೆಯುವವಳಿಗೆ ಗೊತ್ತಾಗದೇ ಇರುತ್ತದೆಯೆ? ಗೊತ್ತಾದರೂ ಬಾಕ್ಸು ತುಂಬುತ್ತೇನೆ. ತುಂಬಿ, ಮುಚ್ಚಳ ಹಾಕಿ, ಅವರಿಬ್ಬರನ್ನೂ ಕಳಿಸಿ, ಪಾತ್ರೆ ಬಟ್ಟೆ ಎಲ್ಲ ಮುಗಿಸಿ, ನಾನು ತಿಂಡಿಗೆ ಕೂರುವಾಗ ಹನ್ನೊಂದಾಗಿರುತ್ತದೆ. ಕೆಲವು ದಿನ ಕೂರುವುದೂ ಮರೆತುಹೋಗುತ್ತದೆ. ಇದನ್ನೆಲ್ಲ ಆ ಮಂಗಳವಾರದ ತನಕ ನಾನು ಒಂದು ಬಗೆಯ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ.

ಬಾಕ್ಸುಗಳ ಕೆಲಸ ಮುಗಿಸಿ, ದಿನವೂ ಮಾಡುವಂತೆ, ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ. ಅಲ್ಲಿ ಬಿದಿರು ಕುಕ್ಕೆಯಲ್ಲಿ, ಸಿಂಚನಾಳ ಹಳೆಯ ಯೂನಿಫಾರ್ಮ್ ಸ್ವೆಟರಿನ ಮೇಲೆ, ಒಂಬತ್ತು ಮೊಟ್ಟೆಗಳನ್ನು ಹೊಟ್ಟೆಯಡಿ ಇಟ್ಟುಕೊಂಡು ಮದರ್ ಕೂತಿದ್ದಳು. ಕೂತು ಅಂದಿಗೆ ಇಪ್ಪತ್ತೆರಡನೇ ದಿನ. ಕೋಳಿಮರಿ ಇಪ್ಪತ್ತೊಂದು ದಿನಕ್ಕೆ ಹೊರಗೆ ಬರುತ್ತದೆಂದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನಾನು ಕುಕ್ಕೆಗೆ ಕಿವಿಯಿಟ್ಟು ಆಲಿಸಿದೆ. ಕಿಚಿಕಿಚಿ ಇಲ್ಲ, ಟಕ್ ಟಕ್ ಇಲ್ಲ. ಮದರ್ ಮಾತ್ರ ಕತ್ತಿನ ಪುಕ್ಕ ಉಬ್ಬಿಸಿ, ಅಸೆಂಬ್ಲಿಗೆ ತಡವಾಗಿ ಬಂದ ಹುಡುಗಿಯನ್ನು ನೋಡುವಂತೆ ನನ್ನನ್ನು ನೋಡಿದಳು. ನಾನು ಅಭ್ಯಾಸಬಲದಿಂದ "ಸಾರಿ" ಎಂದೆ.

ಕೋಳಿಗೆ ಮದರ್ ಎಂಬ ಹೆಸರೇಕೆ ಎಂಬುದನ್ನು ಹೇಳಿಬಿಡುತ್ತೇನೆ. ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಎಲ್ಲ ಸಿಸ್ಟರುಗಳಿಗೂ ಮೇಲೆ ಒಬ್ಬರು ಮದರ್ ಇದ್ದರು. ಕಂದು ನಿಲುವಂಗಿ, ಕತ್ತಿನ ಸುತ್ತ ಬಿಳಿ ಪಟ್ಟಿ, ಒಂದೇ ಕಣ್ಣಿನಿಂದ ಇಡೀ ಸಾಲನ್ನು ನೇರ ಮಾಡುವ ನೋಟ. ಸಿಂಧಘಟ್ಟದಿಂದ ನಮ್ಮ ಅತ್ತೆ ತಂದುಕೊಟ್ಟ ಈ ಕೋಳಿಯನ್ನು ಚೀಲದಿಂದ ಇಳಿಸಿದಾಗ, ಅದು ಕಂದು ಮೈ ಕೊಡವಿ, ಬಿಳಿ ಕತ್ತು ಓರೆ ಮಾಡಿ, ಒಂದೇ ಕಣ್ಣಿನಿಂದ ನನ್ನನ್ನು ನೋಡಿತು. ನನ್ನ ಬೆನ್ನು ತಾನೇ ನೆಟ್ಟಗಾಯಿತು. ಹೆಸರು ಅಲ್ಲಿಗೇ ಗಟ್ಟಿ. ನಮ್ಮ ಅತ್ತೆಗೆ ಈ ಹೆಸರು ಹಿಡಿಸಲಿಲ್ಲ. ಹಿಡಿಸುವ ಸ್ಥಿತಿಯಲ್ಲಿ ಅವರು ಇರಲೂ ಇಲ್ಲ. ಬಸ್ಸಿನಲ್ಲಿ ಕಂಡಕ್ಟರನ ಜೊತೆ ಜಗಳ ಮಾಡಿಕೊಂಡು ಬಂದಿದ್ದರು. ಹೆಂಗಸರಿಗೆಲ್ಲ ಬಸ್ಸು ಪುಕ್ಕಟೆ, ಕೋಳಿಗೆ ಮಾತ್ರ ಟಿಕೆಟ್ಟು ತೆಗೆಯಬೇಕು ಎಂದನಂತೆ ಅವನು. "ಇದೂ ಎಣ್ಣೇ ಕಣಪ್ಪ, ಆಧಾರ್ ಕಾರ್ಡ್ ಒಂದಿಲ್ಲ ಅಷ್ಟೇಯ" ಎಂದು ಅತ್ತೆ ಕೆ.ಆರ್. ಪೇಟೆ ಬರುವ ತನಕ ವಾದಿಸಿದರಂತೆ. ಇಡೀ ಬಸ್ಸು ಅತ್ತೆಯ ಕಡೆ ಇತ್ತಂತೆ. ಆದರೂ ಟಿಕೆಟ್ಟು ತಪ್ಪಲಿಲ್ಲ.

ಮದರ್ ನಮ್ಮ ಮನೆಯಲ್ಲಿ ಚೆನ್ನಾಗಿ ಹೊಂದಿಕೊಂಡಳು. ಹಿತ್ತಲಿನ ನುಗ್ಗೆ ಮರದ ಬುಡ ಕೆದಕುವುದು, ಮಧ್ಯಾಹ್ನ ಮಣ್ಣಿನಲ್ಲಿ ಹೊರಳುವುದು, ದಿನ ಬಿಟ್ಟು ದಿನ ಒಂದು ಮೊಟ್ಟೆ ಇಟ್ಟು ಊರಿಗೆಲ್ಲ ಕೂಗಿ ಹೇಳುವುದು. ಹೀಗಿದ್ದವಳು ಮುಂಗಾರು ಶುರುವಾಗುವ ಮುಂಚೆ ಒಂದು ದಿನ ಮೊಟ್ಟೆ ಇಡುವುದನ್ನು ನಿಲ್ಲಿಸಿ, ಮೆಟ್ಟಿಲ ಕೆಳಗೆ ಹೋಗಿ ಕೂತುಬಿಟ್ಟಳು. ಅಡಿಯಲ್ಲಿ ಏನೂ ಇಲ್ಲ. ಎತ್ತಿ ಹೊರಗೆ ಬಿಟ್ಟರೆ ಮತ್ತೆ ಹೋಗಿ ಕೂರುವಳು. ಒಂದು ಸಂಜೆ ನೋಡಿದರೆ ಎಲ್ಲಿಂದಲೋ ಉರುಳಿ ಬಂದಿದ್ದ ನಿಂಬೆಹಣ್ಣಿಗೆ ಕಾವು ಕೊಡುತ್ತಿದ್ದಳು. ಆ ನಿಂಬೆಹಣ್ಣನ್ನು ಅವಳು ಕೊಕ್ಕಿನಿಂದ ಮೆತ್ತಗೆ ಹೊಟ್ಟೆಯಡಿಗೆ ಎಳೆದುಕೊಂಡ ರೀತಿ ನೋಡಿ ನನ್ನ ಕರುಳು ಕರಗಿಹೋಯಿತು. ಇಷ್ಟೊಂದು ತಾಯ್ತನವನ್ನು ಒಂದು ನಿಂಬೆಹಣ್ಣಿನ ಮೇಲೆ ಖರ್ಚು ಮಾಡಿಸುವುದೆ? ಪಕ್ಕದ ಮನೆಯ ಜಯಕ್ಕನನ್ನು ಕೇಳೋಣವೆಂದರೆ, ಅವರು ಮಗಳ ಬಾಣಂತನಕ್ಕೆ ಅರಕೆರೆಗೆ ಹೋಗಿ ಕೂತಿದ್ದರು. ಎರಡು ಹಸು ಕಟ್ಟಿಕೊಂಡು, ಕೋಳಿ ಕುರಿಗಳ ನಡುವೆಯೇ ಹುಟ್ಟಿ ಬೆಳೆದ ಜಯಕ್ಕ ಇದ್ದಿದ್ದರೆ ಈ ಪ್ರಬಂಧವನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅತ್ತೆಗೆ ಫೋನು ಮಾಡಬಹುದಿತ್ತು. ಆದರೆ ಇಪ್ಪತ್ತೊಂದು ವರ್ಷದಿಂದ "ನಮ್ ಕಾನ್ವೆಂಟ್ ಸೊಸೆಗೆ ಎಮ್ಮೆ ಯಾವುದು, ಕೋಣ ಯಾವುದು ಗೊತ್ತಾಗಾಕಿಲ್ಲ" ಎಂದು ನೆಂಟರ ಮುಂದೆ ನಗುವ ಅತ್ತೆಗೆ, ಒಂದು ಕುಕ್ಕೆ ತುಂಬ ಮರಿ ಕಳಿಸಿ ಬೆರಗಾಗಿಸಬೇಕೆಂಬ ಆಸೆ ನನಗೆ.

ಹಾಗಾಗಿ ನಾನೇ ಕೈಹಾಕಿದೆ. ನನಗೇನು ಗೊತ್ತಿಲ್ಲವೆ? ಎಂಟನೇ ಕ್ಲಾಸಿನಲ್ಲಿ ಮೊಟ್ಟೆಯ ಚಿತ್ರ ಬರೆದು, ಹಳದಿ ಭಾಗ, ಬಿಳಿ ಭಾಗ, ಗಾಳಿ ಚೀಲ ಎಂದು ಬಾಣದ ಗುರುತು ಹಾಕಿ "ವೆರಿ ಗುಡ್" ಪಡೆದವಳು. ಅಂಗಡಿಗೆ ಹೋಗಿ ಏಳು ಮೊಟ್ಟೆ ತಂದೆ. ಬಿಳಿಯವಲ್ಲ ಮತ್ತೆ, ಕಂದು ಬಣ್ಣದವು, ಡಬ್ಬದ ಮೇಲೆ ನಾಟಿ ಮೊಟ್ಟೆ ಎಂದೇ ಬರೆದಿತ್ತು. ಸೆಖೆಗೆ ಕೆಡಬಾರದೆಂದು, ಒಳ್ಳೆಯ ದಿನ ಬರುವ ತನಕ ಫ್ರಿಜ್ಜಿನಲ್ಲಿಟ್ಟೆ. ಮದರ್ ಮೊದಲು ಇಟ್ಟಿದ್ದ ಎರಡು ಮೊಟ್ಟೆಗಳೂ ಅಲ್ಲೇ ಇದ್ದವು, ಸೇರಿಸಿದರೆ ಒಂಬತ್ತು. ಸೋಮವಾರ ತೆಗೆದು, ಸಣ್ಣಮಕ್ಕಳು ಹುಟ್ಟುವ ಜಾಗ ಶುಚಿಯಾಗಿರಬೇಕಲ್ಲ ಎಂದು, ಪಾತ್ರೆ ತೊಳೆಯುವ ಸೋಪು ಹಾಕಿ ಒಂದೊಂದನ್ನೇ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಪೆನ್ಸಿಲ್ಲಿನಲ್ಲಿ ಒಂದರಿಂದ ಒಂಬತ್ತರ ತನಕ ನಂಬರು ಬರೆದೆ. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಕುಕ್ಕೆಯಲ್ಲಿ ಕಬ್ಬಿಣದ ಚೂರು ಇಡುತ್ತಾರೆಂದು ಅತ್ತೆಯ ಮನೆಯಲ್ಲಿ ನೋಡಿದ್ದೆ. ಕಬ್ಬಿಣ ಸಿಗಲಿಲ್ಲ, ಒಂದು ಸ್ಟೀಲು ಚಮಚ ಇಟ್ಟೆ. ಮದರ್ ಒಂದೊಂದು ಮೊಟ್ಟೆಯನ್ನೂ ಕೊಕ್ಕಿನಲ್ಲಿ ಉರುಳಿಸಿ, ರೆಕ್ಕೆ ಬಿಚ್ಚಿ, ಮೈ ಅಗಲ ಮಾಡಿ ಕೂತಳು. ನಾನು ಬಾಗಿಲು ಮರೆಯಾಗಿ ನಿಂತು ಕಣ್ಣೊರೆಸಿಕೊಂಡೆ.

ಆಮೇಲಿನ ಮೂರು ವಾರ ನಮ್ಮ ಮನೆ ಪಿಸುಮಾತಿನಲ್ಲಿ ನಡೆಯಿತು. ಮಿಕ್ಸಿಯನ್ನು ಹಿತ್ತಲಿಗೆ ಒಯ್ದು ತಿರುವುತ್ತಿದ್ದೆ. ಮೊದಮೊದಲು ಮದರ್ ದಿನಕ್ಕೊಮ್ಮೆ, ಸರಿಯಾಗಿ ಹತ್ತು ಗಂಟೆಗೆ, ಎದ್ದು ಬರುತ್ತಿದ್ದಳು. ರೈಲು ತಪ್ಪುವವಳಂತೆ ಓಡಿ ಬಂದು, ನಾಲ್ಕು ಕಾಳು ನುಂಗಿ, ನೀರು ಕುಡಿದು, ಒಂದು ದಿನದ್ದನ್ನೆಲ್ಲ ಒಟ್ಟಿಗೆ ಹಿಕ್ಕೆ ಹಾಕಿ, ಓಡಿ ಹೋಗಿ ಕೂರುವಳು. ಬರಬರುತ್ತ ಅದೂ ಎರಡು ದಿನಕ್ಕೊಮ್ಮೆ ಆಯಿತು. ಎದೆಯ ಪುಕ್ಕವನ್ನು ತಾನೇ ಕಿತ್ತುಕೊಂಡು ಬರಿಯ ಚರ್ಮವನ್ನು ಮೊಟ್ಟೆಗೆ ಒತ್ತಿ ಕೂತಳು. ಕೆಂಪಗಿದ್ದ ತಲೆಯ ಜುಟ್ಟು ಒಗೆದು ಒಗೆದು ಬಣ್ಣ ಹೋದ ಬ್ಲೌಸಿನಂತಾಯಿತು. ನಮ್ಮ ಯಜಮಾನರು ಒಂದು ದಿನ ಕಾಫಿ ಲೋಟ ಹಿಡಿದು ಬಗ್ಗಿ ನೋಡಿ, "ಒಳಹರಿವು ಪೂರ್ತಿ ನಿಂತಿದೆ. ಹೊರಹರಿವು ಮಾತ್ರ ಇದೆ. ತಳ ಕಾಣೋದೊಂದು ಬಾಕಿ" ಎಂದರು. ಅವರಿಗೆ ಪ್ರಪಂಚವೆಲ್ಲ ಒಂದು ಕಟ್ಟೆ. ಯಾವ ಮದುವೆಗೆ ಹೋದರೂ ಊಟದ ಸಾಲನ್ನು ನೋಡಿ ಎಷ್ಟು ಗೇಟು ತೆರೆದಿದ್ದಾರೆಂದು ಹೇಳುತ್ತಾರೆ. "ಬೇಸಿಗೆಯಲ್ಲಿ ನಾವೂ ಅಷ್ಟೇ ತಾನೆ? ಕುಡಿಯೋ ನೀರಿಗೆ ಅಂತ ಒಂದಿಷ್ಟು ಉಳಿಸ್ಕೊಂಡೇ ನಾಲೆಗೆ ಬಿಡೋದು. ಇದು ಎಲ್ಲಾನೂ ಬೆಳೆಗೇ ಬಿಡ್ತಾ ಇದೆ" ಎಂದು ಮುಗಿಸಿ ಹೊರಟರು. ನನಗೆ ಸಿಟ್ಟು ಬಂತು. ಸಜ್ಜೆಯ ಮೇಲೆ ಗೂಡು ಮಾಡಿರುವ ಪಾರಿವಾಳಗಳಲ್ಲಿ ಗಂಡು ಹಗಲು ಹೊತ್ತು ಕಾವಿಗೆ ಕೂತು ಹೆಣ್ಣನ್ನು ಊಟಕ್ಕೆ ಕಳಿಸುತ್ತದೆ, ನಾನೇ ಕಿಟಕಿಯಿಂದ ನೋಡಿದ್ದೇನೆ ಎಂದು ಅವರ ಬೆನ್ನಿಗೆ ಕೂಗಿ ಹೇಳಿದೆ. ಅವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು, ಸ್ಕೂಟರೂ ಒಂದೇ ಕಿಕ್ಕಿಗೆ ಸ್ಟಾರ್ಟಾಯಿತು.

ಅವರ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಫೋನಿನಲ್ಲಿ ಹುಡುಕಿದೆ. ಕಾವಿಗೆ ಕೂತ ಹಕ್ಕಿ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಉರಿಸಿ ಬದುಕುತ್ತದಂತೆ. ಅದು ತೀರಾ ತಳಕ್ಕಿಳಿದರೆ ಎಷ್ಟೋ ಹಕ್ಕಿಗಳು ಮೊಟ್ಟೆಯನ್ನು ಬಿಟ್ಟು ಎದ್ದು ಹೋಗುತ್ತವಂತೆ. ತಾನು ಬದುಕಿದ್ದರೆ ಮುಂದಿನ ಸಲ ಮೊಟ್ಟೆ ಇಡಬಹುದಲ್ಲ. ನಾನು ಫೋನು ಮಗುಚಿಟ್ಟೆ. ಎಂಥ ಸ್ವಾರ್ಥ! ಕಾನ್ವೆಂಟಿನಲ್ಲಿ ನಮಗೆ ತ್ಯಾಗದ ಬಗ್ಗೆ ವಾರಕ್ಕೆ ಎರಡು ಪೀರಿಯಡ್ಡು ಇತ್ತು. ಆಗ ಒಂದು ಹಳೆಯ ಮಾತು ನೆನಪಾಯಿತು. ಒಂದು ವರ್ಷ ನದಿಯಲ್ಲಿ ನೀರು ಕಡಿಮೆ ಇದ್ದಾಗ ನೆಂಟರನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ, ಅಲ್ಲಿಂದ ರಂಗನತಿಟ್ಟಿನಲ್ಲಿ ದೋಣಿ ಹತ್ತಿದ್ದೆವು. ಮರಗಳ ಮೇಲೆ ಕೊಕ್ಕರೆಗಳು ಸುಮ್ಮನೆ ನಿಂತಿದ್ದವು. ಗೂಡು ಬೆರಳೆಣಿಕೆಯಷ್ಟು. ನಾನು ಕಾಳಜಿಯಿಂದ, "ಪಾಪ, ಈ ಸಲ ಮರಿಗಳೇ ಇಲ್ಲವಲ್ಲ" ಎಂದೆ. ದೋಣಿಯವನು ಹುಟ್ಟು ಹಾಕುತ್ತಲೇ, "ಅವೇನ್ ದಡ್ಡ ಮುಂಡೇವಾ ಅಮ್ಮಾವ್ರೆ? ನೀರ್ ನೋಡ್ತವೆ, ಮೀನ್ ನೋಡ್ತವೆ. ಇಲ್ಲಾ ಅಂದ್ರೆ ಈ ಸಲ ತಮ್ ಒಟ್ಟೆ ನೋಡ್ಕತವೆ, ಮುಂದ್ಲೊರ್ಸಕ್ಕೆ ಗೂಡು" ಎಂದಿದ್ದ. ಅವತ್ತು ಅದು ನನಗೆ ಮಾಹಿತಿಯಾಗಿ ಕೇಳಿಸಿತ್ತು. ಈಗ ಬೈಗುಳದಂತೆ ಕೇಳಿಸಿತು. ನಮ್ಮ ಮದರ್ ಹಾಗಲ್ಲ ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಜಯಕ್ಕ ಅರಕೆರೆಯಿಂದ ಬಂದಿಳಿದರು. ಮೊಮ್ಮಗನ ಫೋಟೋ ತೋರಿಸಲು ನೇರ ನಮ್ಮ ಮನೆಗೇ ಬಂದರು. ಫೋಟೋ ನೋಡಿ ಮುಗಿಸುವಷ್ಟರಲ್ಲಿ ಮೆಟ್ಟಿಲ ಕೆಳಗಿಂದ ಗೊರಗೊರ ಸದ್ದು ಕೇಳಿ ಬಗ್ಗಿದರು.

"ಓ! ಮದ್ರು ಕಾವ್ಗೆ ಕುಂತವ್ಳೆ. ಎಷ್ಟ್ ದಿನ ಆಯ್ತವ್ವ?"

"ಇವತ್ತಿಗೆ ಇಪ್ಪತ್ತೆರಡು, ಜಯಕ್ಕ."

"ಇಪ್ಪತ್ತೆರ್ಡಾ? ನೆನ್ನೆನೇ ಚಿಪ್ಪು ಬಿರೀಬೇಕಿತ್ತಲ್ಲ. ಉಂಜ ಎಲ್ಲಿಂದ ತಂದ್ರಿ?"

"ಹುಂಜ ಯಾಕೆ? ಮೊಟ್ಟೆ ಅಂಗಡಿಯಿಂದ ತಂದೆ. ನಾಟಿ ಮೊಟ್ಟೆ ಅಂತಲೇ ಬರೆದಿತ್ತು."

ಜಯಕ್ಕ ಮೆಲ್ಲನೆ ಮೆಟ್ಟಿಲ ಮೇಲೆ ಕೂತರು. "ತಂದು?"

"ಫ್ರಿಜ್ಜಿನಲ್ಲಿ ಇಟ್ಟಿದ್ದೆ, ಕೆಡಬಾರದು ಅಂತ."

"ಆಮ್ಯಾಕೆ?"

"ತೊಳೆದೆ."

"ಯಾತ್ರಾಗೆ?"

"ಪಾತ್ರೆ ತೊಳೆಯೋ ಸೋಪಿನಲ್ಲಿ."

ಜಯಕ್ಕನ ಹೊಟ್ಟೆ ಅಲುಗಲು ಶುರುವಾಯಿತು. ಸೆರಗು ಬಾಯಿಗೆ ಹಿಡಿದರು, ಕಣ್ಣಲ್ಲಿ ನೀರು ಬಂತು. "ಅಯ್ಯೋ ನನ್ ಶಿವನೇ! ಅಷ್ಟೆಲ್ಲ ಮಾಡಿದ್ಯಲ್ಲ ನನ್ ತಾಯಿ, ಒಂದೊಗ್ರಣೆ ಆಕ್ಬುಟ್ಟಿದ್ರೆ ಆಗೋಗದು! ಉಂಜ ಇಲ್ದಿದ್ ಮೊಟ್ಟೆ ಮರಿ ಆಯ್ತದೇನವ್ವ? ಈ ಚಮಚ ಯಾಕೆ, ಮರಿಗೆ ಊಟಕ್ಕಾ?"

ನನ್ನ ಮುಖ ಬಿಸಿಯಾಯಿತು. ಗೊತ್ತಿಲ್ಲವೆಂದಲ್ಲ, ನಾನೂ ಒಂದು ಹೆತ್ತವಳೇ. ಆದರೆ ಎಂಟನೇ ಕ್ಲಾಸಿನಲ್ಲಿ ಮೊಟ್ಟೆಯ ಚಿತ್ರ ಮುಗಿದ ಕೂಡಲೇ ಸಿಸ್ಟರ್ ಪುಸ್ತಕ ಮುಚ್ಚಿ, "ಮುಂದಿನ ಪುಟ ಮನೆಯಲ್ಲಿ ಓದಿಕೊಳ್ಳಿ" ಎಂದಿದ್ದರು. ಆ ಪುಟವನ್ನು ನಾನು ಮನೆಯಲ್ಲಿ ಓದಿಕೊಳ್ಳಲಿಲ್ಲ. ಅದರ ಫಲ ಮೂವತ್ತು ವರ್ಷದ ಮೇಲೆ, ಮೆಟ್ಟಿಲ ಕೆಳಗೆ, ಒಂದು ಕೋಳಿಯ ತಲೆಯ ಮೇಲೆ ಬಂದು ಬಿತ್ತು.

ಆದರೂ ಸೋಲೊಪ್ಪದೆ, "ಮದರಿನ ಎರಡು ಮೊಟ್ಟೆ ಇವೆಯಲ್ಲ, ಒಂದು ಸಲ ನೋಡಿಬಿಡಿ" ಎಂದು ಬೇಡಿಕೊಂಡೆ. ಜಯಕ್ಕ ಬೋಗುಣಿಗೆ ಉಗುರು ಬೆಚ್ಚಗಿನ ನೀರು ಹಾಕಿಸಿ, ಒಂಬತ್ತನ್ನೂ ಬಿಟ್ಟರು. ಜೀವ ಇದ್ದರೆ ನೀರಿನಲ್ಲಿ ಮೊಟ್ಟೆ ತಾನೇ ಅಲುಗುತ್ತದಂತೆ. ಒಂಬತ್ತೂ ಧ್ಯಾನಕ್ಕೆ ಕೂತಂತೆ ತೇಲಿದವು. "ಜಯಕ್ಕ, ಐದನೇ ನಂಬರು ಅಲುಗಿತು!" ಎಂದೆ. "ಅಲುಗ್ದದ್ದು ನಿನ್ ಕೈ ಕಣವ್ವ, ಬೋಗುಣಿ ಬುಡು" ಎಂದರು ಜಯಕ್ಕ. ಮೊಟ್ಟೆಗಳನ್ನು ತೆಗೆದು ಒರೆಸಿ ಕುಕ್ಕೆಗಿಟ್ಟೆವು. ಮದರನ್ನು ಎತ್ತಿಕೊಂಡ ಜಯಕ್ಕನ ಮುಖದಲ್ಲಿ ನಗು ನಿಂತಿತು.

"ಎತ್ ನೋಡವ್ವ. ಅಳ್ಳೆ ಇದ್ದಂಗೆ ಅಗುರಾಗವ್ಳೆ. ಎದೆ ಮೂಳೆ ಕತ್ತಿ ಅಲಗಿನಂಗೆ ಕೈಗೆ ಸಿಕ್ತದೆ. ಮರಿ ಬಂದಿದ್ರೆ ನೆನ್ನೆ ಎದ್ಬುಡವ್ಳು, ಬರ್ನಿಲ್ಲ, ಇವ್ಳು ಏಳ್ನಿಲ್ಲ. ಇನ್ನೆಲ್ಡ್ ದಿನ ಇಂಗೇ ಕುಂತ್ರೆ ಇಲ್ಲೇ ಪ್ರಾಣ ಬುಡ್ತಾಳೆ."

ಕೈಗೆ ತೆಗೆದುಕೊಂಡೆ. ನಿಜವಾಗಿಯೂ ಹತ್ತಿಯ ದಿಂಬಿನಷ್ಟೂ ಭಾರವಿರಲಿಲ್ಲ. ಕಾಲುಗಳು ತಣ್ಣಗೆ, ಹೊಟ್ಟೆ ಮಾತ್ರ ಕಾದ ಬಾಣಲೆ. ಅಷ್ಟು ಹೊತ್ತಿನ ನಾಚಿಕೆಯೆಲ್ಲ ಹೋಗಿ ಹೆದರಿಕೆಯಾಯಿತು. ನನ್ನ ಒಂದು ಕುಕ್ಕೆ ಮರಿಯ ಆಸೆಗೆ, ಅತ್ತೆಯೆದುರು ಸೈ ಎನ್ನಿಸಿಕೊಳ್ಳುವ ಚಪಲಕ್ಕೆ, ಈ ಜೀವ ಮೂರು ವಾರದಿಂದ ತನ್ನನ್ನೇ ಸುಟ್ಟುಕೊಂಡು ಕೂತಿದೆ. "ಈಗೇನು ಮಾಡೋದು ಜಯಕ್ಕ?"

"ಏನಿಲ್ಲ. ಅವ್ಳುದೇ ಒಂದ್ ಪುಕ್ಕ ತಗಂಡು ಮೂಗಿನ ತೂತ್ನಾಗೆ ಅಡ್ಡ ಚುಚ್ಬುಡು. ಅದ್ನ ಉಜ್ಕಂಡು ಉಜ್ಕಂಡು ಓಡಾಡ್ತಾಳೆ, ಕಾವು ಮರ್ತೋಯ್ತದೆ. ನಮ್ಮವ್ವ ಎಲ್ಲಾ ಕೋಳಿಗೂ ಅಂಗೇ ಮಾಡದು."

ನನ್ನ ಕೈ ತಾನಾಗಿ ನನ್ನ ಮೂಗಿಗೆ ಹೋಯಿತು. ಜಯಕ್ಕ ಅದನ್ನು ನೋಡಿ ಮುಸಿನಕ್ಕರು. ಕಾನ್ವೆಂಟಿನಲ್ಲಿ ಕಿವಿಯೋಲೆ ಬಿಟ್ಟರೆ ಬೇರೆ ಒಡವೆ ಹಾಕುವಂತಿರಲಿಲ್ಲ. ನಾನು ಮೂಗು ಚುಚ್ಚಿಸದೆಯೇ ಮದುವೆಯ ವಯಸ್ಸಿಗೆ ಬಂದಿದ್ದೆ. ಹೆಣ್ಣು ನೋಡಲು ಬಂದ ಅತ್ತೆ ನನ್ನ ಇಂಗ್ಲಿಷು, ಕಸೂತಿ ಎಲ್ಲ ಒಪ್ಪಿಕೊಂಡು, "ಮೂಗ್ಬೊಟ್ಟಿಲ್ದೆ ಮೊಕ ಬೋಳ್ಬೋಳಾಗದೆ" ಎಂದು ಒಂದೇ ಷರತ್ತು ಹಾಕಿದರು. ಕೆ.ಆರ್. ಪೇಟೆಯ ಆಚಾರಿಯ ಮುಂದೆ ಕೂರಿಸಿದರು. ಅವನು ಕಣ್ಣು ಮುಚ್ಚಿಕೋ ಎಂದ, ನಾನು ಕಾನ್ವೆಂಟಿನ ಮದರನ್ನು ನೆನೆದುಕೊಂಡೆ, ಅಷ್ಟರಲ್ಲಿ ಮುಗಿದಿತ್ತು. ಹದಿನೈದು ದಿನ ತಲೆಯ ಮೇಲಿಂದ ನೈಟಿ ಎಳೆಯಲಾಗಲಿಲ್ಲ. "ಅಭ್ಯಾಸ ಆಯ್ತದೆ ಬುಡು" ಎಂದರು ಅತ್ತೆ. ಆಯಿತು. ಎಷ್ಟು ಅಭ್ಯಾಸವಾಯಿತೆಂದರೆ ಅದು ಅಲ್ಲಿದೆ ಎಂಬುದೇ ನೆನಪಿರುವುದಿಲ್ಲ. ಆದರೆ ಆ ಒಂದು ಗಳಿಗೆಯ ಉರಿ ಮರೆತಿಲ್ಲ. ಅದನ್ನು ಮದರಿಗೆ ನಾನು ಹೇಗೆ ಕೊಡಲಿ?

ಜಯಕ್ಕ ಹಸುಗಳಿಗೆ ಮೇವು ಹಾಕಬೇಕೆಂದು ಹೊರಟರು. "ಕೈ ನಡುಗಿದ್ರೆ ಕೂಗು, ನಾ ಬಂದು ಚುಚ್ತೀನಿ. ಆ ಮೊಟ್ಟೆಗಳ್ನ ತೆಂಗಿನ ಬುಡ್ದಾಗೆ ಊತ್ಬುಡು. ಒಂದ್ ಒಡೆದ್ರೂ ಬೀದಿ ಬೀದಿನೇ ನಾರ್ತದೆ" ಎಂದು ಹೇಳಿ ಹೋದರು. ಮದರನ್ನು ನೆಲಕ್ಕಿಳಿಸಿದ್ದೇ ತಡ, ಓಲಾಡುತ್ತ ಹೋಗಿ ಕುಕ್ಕೆ ಹತ್ತಿ ಕೂತಳು. ಹತ್ತು ಗಂಟೆಯಾಯಿತು, ಊಟಕ್ಕೆ ಏಳಲಿಲ್ಲ. ನುಚ್ಚು ನೆನೆಸಿ ಬಾಯಿ ಹತ್ತಿರ ಹಿಡಿದೆ, ಕತ್ತು ತಿರುಗಿಸಿದಳು. ಚಮಚದಲ್ಲಿ ನೀರು ಕೊಟ್ಟೆ, ಒಂದು ಹನಿ ಕೊಕ್ಕಿನಿಂದ ಜಾರಿ ಸ್ವೆಟರಿನ ಮೇಲೆ ಬಿತ್ತು. "ಏಳೇ ತಾಯಿ, ಒಳಗೆ ಏನೂ ಇಲ್ಲ, ಸುಮ್ಮನೆ ಕೂತಿದ್ದೀಯ" ಎಂದು ಕನ್ನಡದಲ್ಲಿ ಹೇಳಿದೆ. "ಪ್ಲೀಸ್" ಎಂದು ಇಂಗ್ಲಿಷಿನಲ್ಲೂ ಹೇಳಿದೆ. ಕಣ್ಣಿನ ಮೇಲೆ ಬಿಳಿ ಪೊರೆ ಎಳೆದುಕೊಂಡಳು. ಹನ್ನೊಂದಾಯಿತು, ಹನ್ನೆರಡಾಯಿತು. ಕೊನೆಗೆ ಅವಳೇ ಕಿತ್ತು ಉದುರಿಸಿದ್ದ ಒಂದು ಪುಕ್ಕವನ್ನು ಆರಿಸಿ, ತುದಿಯನ್ನು ಬಿಸಿನೀರಿನಲ್ಲಿ ತೊಳೆದು, ಮೂಗಿನ ಹತ್ತಿರ ಒಯ್ದೆ. ಕೊಕ್ಕಿನ ಮೇಲೆ ಎರಡು ಸಣ್ಣ ತೂತು, ಸೂಜಿಯಿಂದ ಮಾಡಿದಂತೆ. ಅವಳು ಅಲುಗಾಡಲೂ ಇಲ್ಲ. ಅದನ್ನು ನೋಡಿ ಕೈ ಹಿಂದಕ್ಕೆಳೆದುಕೊಂಡೆ. ಜಯಕ್ಕನನ್ನು ಕರೆಯೋಣವೆಂದು ಪುಕ್ಕ ಹಿಡಿದೇ ಅಡುಗೆಮನೆಗೆ ಹೋಗಿ, ಒಂದು ಲೋಟ ನೀರು ಕುಡಿದು, ಮೂಗು ಒರೆಸಿಕೊಂಡು, ಮತ್ತೆ ಬಂದೆ.

ಕುಕ್ಕೆಯಲ್ಲಿ ಮೊಟ್ಟೆಗಳು ಮಾತ್ರ ಇದ್ದವು.

ಸತ್ತು ಹಿಂದಕ್ಕೆ ಬಿದ್ದಿರಬೇಕೆಂದು ಮೆಟ್ಟಿಲ ಹಿಂದೆ ಕೈ ಹಾಕಿ ತಡಕಾಡಿದೆ. ಧೂಳು, ಒಂದು ಹಳೆಯ ಛತ್ರಿ. ಹಿತ್ತಲಿಗೆ ಓಡಿದೆ. ಅಲ್ಲಿ, ನುಗ್ಗೆ ಮರದ ಬುಡದಲ್ಲಿ, ಮಣ್ಣನ್ನು ರೆಕ್ಕೆಯಿಂದ ಬಾಚಿ ಬಾಚಿ ಮೈಮೇಲೆ ಸುರಿದುಕೊಂಡು, ಒಂದು ಕಾಲು ಚಾಚಿ, ಮದರ್ ಹೊರಳುತ್ತಿದ್ದಳು. ನನ್ನನ್ನು ನೋಡಿ ಎದ್ದು ಕೊಡವಿಕೊಂಡು, ತೂರಾಡುತ್ತ ನೇರ ನುಚ್ಚಿನ ತಟ್ಟೆಗೆ ಬಂದಳು. ತಟ್ಟೆ ಖಾಲಿ ಮಾಡಿದಳು. ಇನ್ನೊಮ್ಮೆ ಹಾಕಿದೆ, ಅದನ್ನೂ ಖಾಲಿ ಮಾಡಿದಳು. ಆಮೇಲೆ ಜಯಕ್ಕನ ತಿಪ್ಪೆಯ ಕಡೆ ನಡೆದಳು. ಮೆಟ್ಟಿಲ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ. ಯಾರೂ ಬೈಯಲಿಲ್ಲ, ಯಾರೂ ಚುಚ್ಚಲಿಲ್ಲ. ಇಪ್ಪತ್ತೆರಡು ದಿನ ಕೂತಳು, ಇನ್ನು ಸಾಕು ಎನ್ನಿಸಿತು, ಎದ್ದಳು. ಸಂತೋಷದಿಂದ ನನ್ನ ಕಣ್ಣು ತುಂಬಿತು. ಜೊತೆಗೆ, ಮುಚ್ಚಿಟ್ಟರೇನು ಬಂತು, ಸ್ವಲ್ಪ ಕೋಪವೂ ಬಂತು. ಇಷ್ಟೇನಾ? ಹೋಗುವಾಗ ಒಂದು ಸಲ ಮೊಟ್ಟೆಗಳನ್ನು ಮುಟ್ಟಿಯಾದರೂ ನೋಡಬಾರದೆ?

ಅವುಗಳನ್ನು ತೆಂಗಿನ ಬುಡಕ್ಕೆ ಒಯ್ಯಲೆಂದೇ ನಾನು ಮೆಟ್ಟಿಲ ಕೆಳಗೆ ಹೋದದ್ದು. ಐದನೇ ನಂಬರನ್ನು ಎತ್ತಿಕೊಂಡೆ. ಇನ್ನೂ ಬೆಚ್ಚಗಿತ್ತು. ಜಯಕ್ಕ ಏನೇ ಹೇಳಲಿ, ಬೋಗುಣಿಯಲ್ಲಿ ಅದು ಅಲುಗಿದ್ದನ್ನು ನಾನು ನೋಡಿದ್ದೆ. ಒಂದು ವೇಳೆ ಇದ್ದರೆ? ಐದು ನಿಮಿಷ ನೋಡಿಬಿಡೋಣ, ಆರಿದ ಮೇಲೆ ಹೂತರಾಯಿತು ಎಂದು ಸ್ವೆಟರಿನ ತೋಳುಗಳನ್ನು ಮೊಟ್ಟೆಗಳ ಮೇಲೆ ಹೊದಿಸಿದೆ. ಆರಲಾರಂಭಿಸಿದಾಗ ಪಾಪವೆನ್ನಿಸಿ, ಸಿಂಚನಾಳ ಟೇಬಲ್ ಲ್ಯಾಂಪು ತಂದು ಕುಕ್ಕೆಯ ಮೇಲೆ ಬಗ್ಗಿಸಿಟ್ಟೆ. ಹತ್ತಿರವಾದರೆ ಸುಡುತ್ತದೆ, ದೂರವಾದರೆ ತಣ್ಣಗಾಗುತ್ತದೆ; ಯಾರಾದರೂ ನೋಡಿಕೊಳ್ಳಬೇಕಲ್ಲ. ಮಣೆ ಎಳೆದುಕೊಂಡು ಕೂತೆ.

ಐದೂವರೆಗೆ ಸಿಂಚನಾ ಬಂದಳು. ಬ್ಯಾಗಿನಿಂದ ಬಾಕ್ಸು ತೆಗೆದು ನನ್ನ ಪಕ್ಕದ ಮೆಟ್ಟಿಲ ಮೇಲೆ ಇಟ್ಟಳು. ತೂಕದಲ್ಲೇ ಗೊತ್ತಾಯಿತು, ಚಿತ್ರಾನ್ನ ಹೋದಂತೆಯೇ ಬಂದಿದೆ. "ಬೇಡ ಅಂತ ಹೇಳಿದ್ದೆ ತಾನೆ ಅಮ್ಮಾ? ಅದಿರಲಿ, ನನ್ ಲ್ಯಾಂಪ್ ಯಾಕೆ ಇಲ್ಲಿದೆ? ನೀನು ಊಟ ಮಾಡಿದ್ಯಾ?" ಎಂದಳು. ಆಗ ನೆನಪಾಯಿತು, ಊಟವಿರಲಿ, ತಿಂಡಿಯೂ ಆಗಿರಲಿಲ್ಲ. ಏಳಬೇಕೆಂದುಕೊಂಡೆ. ಕಾಲು ಜೋಮು ಹಿಡಿದಿತ್ತು.

ಅಷ್ಟರಲ್ಲಿ ಸಂಜೆಯ ಹಾಲು ಕೊಡಲು ಜಯಕ್ಕ ಬಂದರು. ಅಂಗಳದಲ್ಲಿ ಜುಟ್ಟೆತ್ತಿಕೊಂಡು ಕೆದಕುತ್ತಿದ್ದ ಮದರನ್ನು ನೋಡಿದರು. ಒಳಗೆ ಬಂದು ಕುಕ್ಕೆ ನೋಡಿದರು, ಲ್ಯಾಂಪು ನೋಡಿದರು, ಮುಚ್ಚಳ ತೆಗೆಯದ ಬಾಕ್ಸು ನೋಡಿದರು, ಮಣೆಯ ಮೇಲೆ ಕೂತಿದ್ದ ನನ್ನನ್ನು ನೋಡಿದರು. ಹಾಲಿನ ಚೊಂಬನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಹೊರಡುತ್ತಲೇ ಹೇಳಿದರು:

"ಕಾವು ಬುಡ್ಸಕ್ಕೆ ಮೂಗ್ಗೊಂದು ಪುಕ್ಕ ಚುಚ್ಚುದ್ರೆ ಸಾಕು ಅಂತಿದ್ಲು ನಮ್ಮವ್ವ. ನಿಂಗೆ ಇಪ್ಪತ್ತೊಂದೊರ್ಸದಿಂದ ಚಿನ್ನುದ್ದೇ ಚುಚ್ಚವ್ರೆ. ಆದ್ರೂ ಎದ್ದಿಲ್ವಲ್ಲವ್ವ ನೀನು!"